ವಿಮಾನ ನಿಲ್ದಾಣದ ಸದ್ದು: ಅಂಕೆಯಲ್ಲಿಡತಕ್ಕವರು ಯಾರು?

ನೆರೆಮನೆಯ ಮದುವೆಯ ಓಲಗವು ರಾತ್ರಿ ಹನ್ನೆರಡು ಹೊಡೆದರೂ ನಿಲ್ಲದಿದ್ದರೆ ಗೃಹಸ್ಥನು ಹೋಗತಕ್ಕ ಸ್ಥಳ ಅವನಿಗೆ ಗೊತ್ತುಂಟು. ಪೋಲೀಸು ಠಾಣೆಯ ಬಾಗಿಲು ತೆರೆದೇ ಇರುತ್ತದೆ. ಬೀದಿಯ ಕೊನೆಯಲ್ಲಿ ಯಾರಾದರೂ ಹಿಟ್ಟಿನ ಗಿರಣಿಯನ್ನು ಹೂಡಿ ಕೇರಿಯ ನಿದ್ದೆಯನ್ನು ಕೆಡಿಸಿದರೆ ಪುರಸಭೆಯುಂಟು. ಅದು ಕಿವಿಗೊಡದಿದ್ದರೆ ನ್ಯಾಯಸ್ಥಾನವುಂಟು. ಆದರೆ ಅದೇ ಗೃಹಸ್ಥನ ಮಾಳಿಗೆಯ ಮೇಲೆ ನಡುರಾತ್ರಿಯಲ್ಲಿ ವಿಮಾನವೊಂದು ಗುಡುಗುತ್ತ ಹಾಯ್ದು, ತೊಟ್ಟಿಲಿನ ಮಗು ಬೆಚ್ಚಿ ಅತ್ತು, ರೋಗಿಯಾದ ತಂದೆಯು ಮತ್ತೆ ಕಣ್ಣು ಮುಚ್ಚಲಾರದೆ ಬೆಳಗು ಮಾಡಿದರೆ, ಅವನು ಯಾರ ಬಾಗಿಲಿಗೆ ಹೋಗತಕ್ಕದ್ದು? ವಿಮಾನದ ಕಂಪನಿಯವರು ನಿಲ್ದಾಣದವರನ್ನು ತೋರಿಸಬಹುದು. ನಿಲ್ದಾಣದವರು ಆಕಾಶಮಾರ್ಗವನ್ನು ನಿರ್ದೇಶಿಸುವವರನ್ನು ತೋರಿಸಬಹುದು. ಅವರು ದೆಹಲಿಯ ಇಲಾಖೆಯನ್ನು ತೋರಿಸಬಹುದು. ಇಲಾಖೆಯವರು ಮಾಲಿನ್ಯ ನಿಯಂತ್ರಣ ಮಂಡಲಿಯ ಕಡೆಗೆ ಬೆರಳು ಮಾಡಬಹುದು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತೆಂಬ ಗಾದೆಗೆ ಇದಕ್ಕಿಂತ ಉತ್ತಮವಾದ ನಿದರ್ಶನ ಬೇಕಾಗಿಲ್ಲ.

ನಾವು ವಿಮಾನಯಾನದ ವಿರೋಧಿಗಳಲ್ಲ. ದೂರವನ್ನು ಗೆದ್ದು ದೇಶದ ಮೂಲೆಮೂಲೆಗಳನ್ನು ಹತ್ತಿರಕ್ಕೆ ತಂದ ಈ ಸಾಧನವನ್ನು ಅಲ್ಲಗಳೆಯುವುದು ಅವಿವೇಕವಾದೀತು. ವಿಮಾನ ಹಾರಿದರೆ ಸದ್ದು ಆಗಿಯೇ ಆಗುತ್ತದೆ. ನಮ್ಮ ಪ್ರಶ್ನೆ ಅಷ್ಟು ಮಾತ್ರದ್ದಲ್ಲ. ಎಷ್ಟು ಸದ್ದು ಸಲ್ಲತಕ್ಕದ್ದು, ಯಾವ ಹೊತ್ತಿನಲ್ಲಿ ಸಲ್ಲತಕ್ಕದ್ದು, ಮಿತಿ ಮೀರಿದವರನ್ನು ಕೇಳತಕ್ಕವರು ಯಾರು ಎಂಬುದನ್ನು ನಿರ್ಣಯಿಸುವ ಸಾರ್ವಜನಿಕ ಸಂಸ್ಥೆಯು ಯಾವುದಾಗಿರಬೇಕು? ಇದು ಇಂಜಿನಿಯರುಗಳ ಪ್ರಶ್ನೆಯೆಂದು ಅನೇಕರು ಭಾವಿಸಿದ್ದಾರೆ. ವಾಸ್ತವದಲ್ಲಿ ಇದು ರಾಜ್ಯನೀತಿಯ ಪ್ರಶ್ನೆ.

ಮುಚ್ಚಿದ ಬಾಗಿಲು

ಇದು ಹೇಗೆ ರಾಜ್ಯನೀತಿಯ ಪ್ರಶ್ನೆಯಾಯಿತೆಂಬುದನ್ನು ತಿಳಿಯಬೇಕಾದರೆ ಒಂದು ಶತಮಾನದ ಹಿಂದಕ್ಕೆ ಹೋಗಬೇಕು. ತನ್ನ ಮನೆಯ ಸುಖಕ್ಕೆ ಭಂಗ ತಂದವನ ಮೇಲೆ ದಾವೆ ಹೂಡುವುದು ಇಂಗ್ಲೆಂಡಿನ ಪ್ರಜೆಯ ಹಳೆಯ ಹಕ್ಕು. ೧೯೨೦ರ ವಾಯುಯಾನ ಕಾಯಿದೆಯು ವಿಮಾನಗಳ ಮಟ್ಟಿಗೆ ಈ ಹಕ್ಕನ್ನು ಮೊಟಕುಮಾಡಿತು. ಯುಕ್ತವಾದ ಎತ್ತರದಲ್ಲಿ ನಿಯಮಾನುಸಾರವಾಗಿ ಹಾರುವ ವಿಮಾನದ ಮೇಲೆ, ಅದು ಹಾರಿತೆಂಬ ಕಾರಣಮಾತ್ರದಿಂದ, ಅತಿಕ್ರಮಣದ ದಾವೆಯಾಗಲಿ ಉಪದ್ರವದ ದಾವೆಯಾಗಲಿ ಸಲ್ಲದೆಂದು ಪಾರ್ಲಿಮೆಂಟು ವಿಧಿಸಿತು. ಆಗಿನ್ನೂ ವಿಮಾನವು ಎಳೆಯ ಕೂಸು. ಬಟ್ಟೆ ಹೊದಿಸಿದ ರೆಕ್ಕೆಗಳ ಆ ಯಂತ್ರವನ್ನು ವ್ಯಾಜ್ಯಗಳಿಂದ ಕಾಪಾಡಿ ಬೆಳಸಬೇಕೆಂಬ ಉದ್ದೇಶದಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಕೂಸು ಬೆಳೆದು ಗಜಪ್ರಮಾಣವಾದ ಮೇಲೆಯೂ ರಕ್ಷೆಯನ್ನು ತೆಗೆಯಲಿಲ್ಲ. ೧೯೪೯ರ ಕಾಯಿದೆಯಲ್ಲಿಯೂ, ೧೯೮೨ರ ಕಾಯಿದೆಯಲ್ಲಿಯೂ ಅದೇ ವಿಧಿಯು ಮತ್ತೆ ಬಂದಿತು. ನಮ್ಮ ದೇಶದಲ್ಲಿ ಬ್ರಿಟಿಷರ ಕಾಲದ ೧೯೩೪ರ ವಿಮಾನ ಕಾಯಿದೆಯ ೧೭ನೆಯ ಪ್ರಕರಣವು ಇದೇ ಮಾತನ್ನು ಹೇಳಿತ್ತು. ಆ ಕಾಯಿದೆಯು ತೊಂಬತ್ತು ವರ್ಷ ಬಾಳಿ, ೨೦೨೫ರ ಜನವರಿ ೧ರಂದು ಹೊಸ ಕಾಯಿದೆಗೆ ಸ್ಥಳ ಕೊಟ್ಟಿತು.

ಇಲ್ಲಿಯೇ ವಿಷಯದ ಮರ್ಮವಿದೆ. ಪ್ರಜೆಗೆ ನ್ಯಾಯಸ್ಥಾನದ ಬಾಗಿಲನ್ನು ಮುಚ್ಚಿದವರು ಬೇರೊಂದು ಬಾಗಿಲನ್ನು ತೆರೆದಿಡಬೇಕಾದುದು ಧರ್ಮ. ಸರ್ವರ ಹಿತಕ್ಕಾಗಿ ಕೆಲವರು ತಮ್ಮ ನೆಮ್ಮದಿಯ ಒಂದು ಭಾಗವನ್ನು ಬಿಟ್ಟುಕೊಡಬೇಕೆಂದು ರಾಜ್ಯವು ಕೇಳಬಹುದು. ಆದರೆ ಹಾಗೆ ಕೇಳಿದ ರಾಜ್ಯವೇ ಆ ಭಾಗವು ಎಲ್ಲೆ ಮೀರದಂತೆ ಕಾಯುವ ಹೊಣೆಯನ್ನೂ ಹೊರಬೇಕು. ಸದ್ದಿನ ಮೇಲಣ ನಿಯಂತ್ರಣಕ್ಕೆ ತಕ್ಕ ಸಂಸ್ಥೆಯೊಂದು ಬೇಕೆಂಬುದು ಈ ಸಾಲದ ತೀರಿಕೆಯೇ ಹೊರತು ಯಾರ ದಯಾಭಿಕ್ಷೆಯೂ ಅಲ್ಲ.

ಅಳೆಯುವ ಕೈಯ ಮಹಿಮೆ

ಸಂಸ್ಥೆಯ ಆಯ್ಕೆಯು ಇಷ್ಟು ಮುಖ್ಯವೇಕೆಂಬುದಕ್ಕೆ ಇನ್ನೊಂದು ಕಾರಣವುಂಟು. ಸದ್ದನ್ನು ಅಳೆಯುವ ಮಾನಕ್ಕೆ ಡೆಸಿಬಲ್ ಎಂದು ಹೆಸರು. ಇದು ಸೇರು ಪಾವುಗಳಂತೆ ಕೂಡುತ್ತ ಹೋಗುವ ಅಳತೆಯಲ್ಲ. ೩ ಡೆಸಿಬಲ್ ಏರಿದರೆ ಶಬ್ದದ ಶಕ್ತಿಯು ಇಮ್ಮಡಿಯಾಗುತ್ತದೆ. ೧೦ ಏರಿದರೆ ಶಕ್ತಿಯು ಹತ್ತುಮಡಿಯಾಗಿ, ಕಿವಿಗೆ ಸುಮಾರು ಎರಡರಷ್ಟಾಗಿ ಕೇಳಿಸುತ್ತದೆ. ನಿಲ್ದಾಣಗಳ ಸುತ್ತಣ ಸದ್ದನ್ನು ಸಾಮಾನ್ಯವಾಗಿ ಇಡೀ ಹಗಲಿಗೋ ಇಡೀ ರಾತ್ರಿಗೋ ಸರಾಸರಿ ಮಾಡಿ ಒಂದೇ ಅಂಕೆಯಾಗಿ ಹೇಳುತ್ತಾರೆ. ಈ ಲೆಕ್ಕದಲ್ಲಿ ಅದೇ ಬಗೆಯ ವಿಮಾನಗಳ ಸಂಖ್ಯೆಯು ಇಮ್ಮಡಿಯಾದರೂ ಅಂಕೆಯು ಏರುವುದು ೩ ಮಾತ್ರ. ಶಾಲೆಯೊಂದರಲ್ಲಿ ದಿನಕ್ಕೆ ನೂರು ಬಾರಿ ಪಾಠ ನಿಲ್ಲುತ್ತಿದ್ದುದು ಇನ್ನೂರು ಬಾರಿ ನಿಲ್ಲುವಂತಾಗಬಹುದು. ಕಾಗದದ ಮೇಲೆ ಮಾತ್ರ ೬೦ ಇದ್ದುದು ೬೩ ಆದಂತೆ ಕಾಣುವುದು. ಉಪಾಧ್ಯಾಯರ ಕಷ್ಟವು ಆ ಮೂರು ಅಂಕೆಗಳೊಳಗೆ ಅಡಗಿಹೋಗುತ್ತದೆ.

ಆದುದರಿಂದ ಅಳತೆಗೋಲನ್ನು ಯಾರು ಹಿಡಿದಿದ್ದಾರೆಂಬುದೇ ಅರ್ಧ ತೀರ್ಪು. ಇಂಗ್ಲೆಂಡಿನಲ್ಲಿ ೧೯೯೦ರಿಂದ ಹಗಲಿನ ಸರಾಸರಿ ೫೭ ಡೆಸಿಬಲ್ ಎಂಬ ಗೆರೆಯನ್ನು ಜನರ ಬೇಸರವು ಗಣನೀಯವಾಗಿ ಆರಂಭವಾಗುವ ಮೇರೆಯೆಂದು ಹಿಡಿದಿದ್ದರು. ಗೆರೆಯಿಂದಾಚೆಗಿನ ಮನೆಯವರು ಎಷ್ಟು ಕೂಗಿದರೂ ಅವರನ್ನು ಬಾಧಿತರ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ೨೦೧೪ರಲ್ಲಿ ಜನರನ್ನೇ ಕೇಳಿ ನೋಡಿದಾಗ, ಮೊದಲು ೫೭ರಲ್ಲಿ ಕಂಡಷ್ಟೇ ಬೇಸರವು ಈಗ ೫೪ರಲ್ಲಿಯೇ ಇದೆಯೆಂದು ತಿಳಿದುಬಂತು. ೨೦೧೭ರಲ್ಲಿ ಸರ್ಕಾರದವರು ಹಗಲಿಗೆ ೫೧, ರಾತ್ರಿಗೆ ೪೫ ಎಂದು ಬಾಧೆಯ ಆರಂಭವನ್ನು ಕೆಳಕ್ಕಿಳಿಸಿದರು. ಒಂದು ದಿನದ ಆಜ್ಞೆಯಿಂದ ಬಾಧಿತರ ಎಲ್ಲೆಯು ಮೈಲಿಗಟ್ಟಲೆ ಹಿಗ್ಗಿತು. ಆಕಾಶದಲ್ಲಿ ಒಂದು ವಿಮಾನವೂ ಹೆಚ್ಚಾಗಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು ೨೦೧೮ರಲ್ಲಿ ಯೂರೋಪಿಗೆ ಕೊಟ್ಟ ಸಲಹೆಯು ಇನ್ನೂ ಕಠಿನವಾದುದು: ವಿಮಾನಗಳ ಸದ್ದು ದಿನವಿಡೀ ಲೆಕ್ಕದಲ್ಲಿ ೪೫ಕ್ಕೂ ರಾತ್ರಿಯಲ್ಲಿ ೪೦ಕ್ಕೂ ಕೆಳಗಿರಬೇಕೆಂದು ಅದರ ಮತ. ನಿದ್ರಾಭಂಗ, ಹೃದಯದ ವ್ಯಾಧಿ, ಮಕ್ಕಳ ಓದಿನ ಹಿನ್ನಡೆ, ಇವುಗಳನ್ನೆಲ್ಲ ಪರಿಶೀಲಿಸಿಯೇ ಆ ಸಂಸ್ಥೆಯವರು ಈ ಅಂಕೆಗಳಿಗೆ ಬಂದರು.

ಇಂಗ್ಲೆಂಡಿನ ಪಾಠ

ಈ ವಿಷಯದಲ್ಲಿ ಬಹುಕಾಲ ಹೆಣಗಿದ ದೇಶವೆಂದರೆ ಇಂಗ್ಲೆಂಡು. ಲಂಡನ್ ನಗರದ ಪಶ್ಚಿಮದಲ್ಲಿರುವ ಹೀತ್ರೋ ನಿಲ್ದಾಣಕ್ಕೆ ಬರುವ ವಿಮಾನಗಳಲ್ಲಿ ಬಹುಪಾಲು ಜನನಿಬಿಡವಾದ ರಾಜಧಾನಿಯ ಮೇಲೆಯೇ ಹಾಯ್ದು ಇಳಿಯುತ್ತವೆ. ೧೯೬೩ರಷ್ಟು ಹಿಂದೆಯೇ ವಿಲ್ಸನ್ ಸಮಿತಿಯು ಅಲ್ಲಿನ ನಿವಾಸಿಗಳ ಬವಣೆಯನ್ನು ಪರಿಶೀಲಿಸಿ ವರದಿಮಾಡಿತು. ೧೯೭೧ರಿಂದ ಹೀತ್ರೋ, ಗ್ಯಾಟ್ವಿಕ್, ಸ್ಟಾನ್ಸ್‌ಟೆಡ್ ಎಂಬ ಮೂರು ನಿಲ್ದಾಣಗಳ ಸದ್ದನ್ನು ಸ್ವತಃ ಮಂತ್ರಿಗಳೇ ನಿಯಂತ್ರಿಸತಕ್ಕದ್ದೆಂದು ಏರ್ಪಾಡಾಯಿತು. ಉಳಿದ ಊರುಗಳಲ್ಲಿ ಈ ಹೊಣೆಯು ಕಟ್ಟಡಗಳಿಗೆ ಅನುಮತಿ ಕೊಡುವ ಸ್ಥಳೀಯ ಕೌನ್ಸಿಲುಗಳಿಗೆ ಬಂತು.

ಮಂತ್ರಿಗಳ ಆಡಳಿತದಿಂದ ಪ್ರಯೋಜನವೇ ಆಗಲಿಲ್ಲವೆಂದು ಹೇಳಲಾರೆವು. ರಾತ್ರಿ ಹನ್ನೊಂದೂವರೆಯಿಂದ ಬೆಳಗಿನ ಆರರವರೆಗೆ ಹೀತ್ರೋದಲ್ಲಿ ವರ್ಷಕ್ಕೆ ೫,೮೦೦ ಹಾರಾಟಗಳಿಗಿಂತ ಹೆಚ್ಚು ಸಲ್ಲದೆಂದು ಮಿತಿ ಬಂದುದೂ, ಹೆಚ್ಚು ಗದ್ದಲದ ವಿಮಾನಕ್ಕೆ ಹೆಚ್ಚು ಅಂಕಗಳನ್ನು ಕಟ್ಟಿ ಇಡೀ ಋತುವಿಗೆ ಇಷ್ಟೇ ಅಂಕಗಳೆಂದು ಗೊತ್ತುಮಾಡುವ ಪದ್ಧತಿಯು ೧೯೯೩ರಲ್ಲಿ ಹುಟ್ಟಿದುದೂ ಆ ಆಡಳಿತದಲ್ಲಿಯೇ. ಆದರೆ ಮಂತ್ರಿಗಳ ಒಂದು ಕೈಯಲ್ಲಿ ವ್ಯಾಪಾರದ ವೃದ್ಧಿ, ಇನ್ನೊಂದು ಕೈಯಲ್ಲಿ ಜನರ ನಿದ್ರೆ. ತಕ್ಕಡಿಯನ್ನು ಹಿಡಿದವರೇ ಒಂದು ತಟ್ಟೆಯ ಸರಕಿನ ಮಾಲೀಕರಾದರೆ ಮುಳ್ಳು ಯಾವ ಕಡೆಗೆ ವಾಲುವುದೆಂದು ಹೇಳಬೇಕಾಗಿಲ್ಲ. ಸ್ಥಳೀಯ ಕೌನ್ಸಿಲುಗಳ ಅವಸ್ಥೆಯೂ ಕೆಲವೆಡೆಗಳಲ್ಲಿ ಇಂತಹುದೇ. ಲೂಟನ್ ಪಟ್ಟಣದ ನಿಲ್ದಾಣದ ಒಡೆತನ ಅಲ್ಲಿನ ಕೌನ್ಸಿಲಿನದು. ಅದನ್ನು ವಿಸ್ತರಿಸುವ ಅರ್ಜಿಗಳ ಮೇಲೆ ತೀರ್ಪು ಕೊಟ್ಟುದೂ ಅದೇ ಕೌನ್ಸಿಲು. ಮಾಲೀಕನ ತೋಳುಗಳು ಎರಡು ಇಲಾಖೆಗಳಾಗಿ ಬೇರೆಯಾಗಿದ್ದರೂ ದೇಹ ಒಂದೇ ಅಲ್ಲವೆ?

ಹೀತ್ರೋ ಸುತ್ತಣ ನಿವಾಸಿಗಳು ರಾತ್ರಿಯ ವಿಮಾನಗಳ ವಿಷಯವಾಗಿ ಸ್ಟ್ರಾಸ್‌ಬರ್ಗಿನ ಮಾನವ ಹಕ್ಕುಗಳ ನ್ಯಾಯಸ್ಥಾನದವರೆಗೂ ಹೋದರು. ೨೦೦೧ರಲ್ಲಿ ಅವರಿಗೆ ಜಯವಾಯಿತು. ೨೦೦೩ರ ಜುಲೈ ೮ರಂದು ಅದೇ ನ್ಯಾಯಸ್ಥಾನದ ಮಹಾಪೀಠವು ಮೊದಲಿನ ತೀರ್ಪನ್ನು ತಿರುಗಿಸಿ, ದೇಶದ ಆರ್ಥಿಕ ಹಿತವನ್ನೂ ಜನರ ನೆಮ್ಮದಿಯನ್ನೂ ತೂಗುವ ಸ್ವಾತಂತ್ರ್ಯವು ಸರ್ಕಾರಕ್ಕುಂಟೆಂದು ಹೇಳಿತು. ಆದರೆ ವಾಚಕರು ಗಮನಿಸಬೇಕಾದ ಮಾತು ಇನ್ನೊಂದಿದೆ. ಆ ನಿವಾಸಿಗಳಿಗೆ ತಮ್ಮ ದೇಶದಲ್ಲಿ ತಮ್ಮ ದೂರನ್ನು ಸಾರ್ಥಕವಾಗಿ ವಿಚಾರಿಸತಕ್ಕ ಪರಿಹಾರಮಾರ್ಗವಿರಲಿಲ್ಲವೆಂಬ ಅಂಶದಲ್ಲಿ ಮಹಾಪೀಠವೂ ಸರ್ಕಾರವನ್ನೇ ತಪ್ಪಿತಸ್ಥನೆಂದು ಕಂಡಿತು. ಸದ್ದಿನ ವ್ಯಾಜ್ಯದಲ್ಲಿ ಸೋತವರು ಬಾಗಿಲಿನ ವ್ಯಾಜ್ಯದಲ್ಲಿ ಗೆದ್ದರು. ನಾವು ಮೇಲೆ ಹೇಳಿದ ಸಾಲದ ಮಾತನ್ನು ಆ ನ್ಯಾಯಾಧೀಶರು ತಮ್ಮ ಭಾಷೆಯಲ್ಲಿ ಹೇಳಿದರೆಂದೇ ತಿಳಿಯಬಹುದು.

ಮುಂದಿನ ಕಥೆಯು ಇನ್ನೂ ಬೋಧಪ್ರದವಾಗಿದೆ. ಸರ್ ಹೊವರ್ಡ್ ಡೇವೀಸ್ ಅವರ ಅಧ್ಯಕ್ಷತೆಯ ವಿಮಾನ ನಿಲ್ದಾಣಗಳ ಕಮಿಷನ್ನು ೨೦೧೫ರ ಜುಲೈಯಲ್ಲಿ ಹೀತ್ರೋದಲ್ಲಿ ಮೂರನೆಯ ರನ್‌ವೇ ಆಗಬೇಕೆಂದು ಶಿಫಾರಸುಮಾಡಿತು. ಅದರ ಜೊತೆಯಲ್ಲಿ ರಾತ್ರಿಯ ನಿಷೇಧ, ಸದ್ದಿನ ಮೇಲೆ ಸುಂಕ, ಸ್ವತಂತ್ರವಾದ ಒಂದು ಶಬ್ದ ಪ್ರಾಧಿಕಾರ, ಇವುಗಳೂ ಬೇಕೆಂದಿತು. ಜನರು ಸರ್ಕಾರದ ಅಂಕೆಗಳನ್ನೂ ನಂಬರು, ನಿಲ್ದಾಣದವರ ಅಂಕೆಗಳನ್ನೂ ನಂಬರು. ಆದುದರಿಂದ ಎರಡೂ ಕಡೆಗೆ ಸೇರದ ಮೂರನೆಯವರು ಬೇಕೆಂಬುದು ಇದರ ತಾತ್ಪರ್ಯ. ಸರ್ಕಾರವು ಒಪ್ಪಿತು, ಆದರೆ ಪ್ರಾಧಿಕಾರವನ್ನು ಕಮಿಷನ್ನಾಗಿ ಇಳಿಸಿತು. ೨೦೧೯ರ ಜನವರಿಯಲ್ಲಿ ಕೆಲಸಕ್ಕೆ ತೊಡಗಿದ ಆ ಕಮಿಷನ್ನಿಗೆ ಶಾಸನದ ಬಲವಿರಲಿಲ್ಲ. ದಂಡ ವಿಧಿಸುವ ಅಧಿಕಾರವಿರಲಿಲ್ಲ. ಮಿತಿಯನ್ನು ಗೊತ್ತುಮಾಡುವ ಅಧಿಕಾರವಿರಲಿಲ್ಲ. ಸಲಹೆ ಹೇಳುವುದೊಂದೇ ಅದರ ಪಾಲಿಗೆ ಬಂದ ಕೆಲಸ. ಎರಡು ವರ್ಷಗಳಾದ ಮೇಲೆ ಮಂತ್ರಿಗಳು ಪರಿಶೀಲಿಸಿದರು. ೨೦೨೧ರ ಸೆಪ್ಟೆಂಬರ್ ಕೊನೆಗೆ ಕಮಿಷನ್ನು ಮುಚ್ಚಿತು. ಶಾಸನದಿಂದ ಹುಟ್ಟದಿದ್ದ ಸಂಸ್ಥೆಯನ್ನು ಮುಚ್ಚುವುದಕ್ಕೆ ಹೊಸ ಶಾಸನವೂ ಬೇಕಾಗಲಿಲ್ಲ. ಅದರ ಕೆಲಸಗಳಲ್ಲಿ ಬಹುಪಾಲು ೨೦೨೨ರಲ್ಲಿ ನಾಗರಿಕ ವಿಮಾನಯಾನ ಪ್ರಾಧಿಕಾರದ ಕೈಸೇರಿದುವು. ೨೦೨೫ರ ಜನವರಿಯಲ್ಲಿ ಅಲ್ಲಿನ ಅರ್ಥಮಂತ್ರಿಗಳು ಮೂರನೆಯ ರನ್‌ವೇಗೆ ಮತ್ತೆ ಬೆಂಬಲವನ್ನು ಸಾರಿದರು. ರನ್‌ವೇಯ ಮಾತು ಉಳಿದಿತ್ತು. ಅದರ ಜೊತೆಗೆ ಜನರಿಗೆ ಕೊಟ್ಟಿದ್ದ ಕಾವಲುಗಾರನು ಉಳಿದಿರಲಿಲ್ಲ.

ಕಮಿಷನ್ನನ್ನು ಮುಚ್ಚಿದವರ ವಾದವನ್ನೂ ನ್ಯಾಯವಾಗಿ ಹೇಳಬೇಕು. ವಿಮಾನಯಾನದಂತಹ ಸೂಕ್ಷ್ಮವಾದ ಶಾಸ್ತ್ರದಲ್ಲಿ ಪರಿಣತರು ಪ್ರಾಧಿಕಾರದಲ್ಲಿಯೇ ಇದ್ದಾರೆ. ಸದ್ದನ್ನು ಲೆಕ್ಕಹಾಕುವ ಅನುಭವವೂ ಅಲ್ಲಿಯೇ ಇದೆ. ಒಂದೇ ಕೆಲಸಕ್ಕೆ ಎರಡು ಕಚೇರಿಗಳೇಕೆ ಎಂಬುದು ಆ ವಾದ. ಇದರಲ್ಲಿ ಸತ್ಯಾಂಶವುಂಟು. ಆದರೆ ಆ ಪ್ರಾಧಿಕಾರದ ಮೊದಲನೆಯ ಕರ್ತವ್ಯವು ಸುರಕ್ಷತೆ. ಅದರ ವೆಚ್ಚದ ಬಹುಭಾಗವನ್ನು ತೆರುವವರು ವಿಮಾನೋದ್ಯಮದವರೇ. ಸುರಕ್ಷತೆಯನ್ನು ಕಾಯುವವನ ಕಣ್ಣು ಆಕಾಶದ ಕಡೆಗಿರುತ್ತದೆ, ಇರಲೇಬೇಕು. ನೆಲದ ಮೇಲೆ ಮಲಗಿರುವವನ ಕಡೆಗೆ ನೋಡತಕ್ಕ ಕಣ್ಣು ಬೇರೆಯದಾಗಿರುವುದೇ ಲೇಸು.

ಫ್ರಾನ್ಸಿನವರ ಮಾರ್ಗ

ಫ್ರಾನ್ಸ್ ದೇಶದವರು ಬೇರೊಂದು ದಾರಿಯನ್ನು ಹಿಡಿದರು. ೧೯೯೯ರ ಜುಲೈಯ ಶಾಸನದಿಂದ ಅವರು ವಿಮಾನ ನಿಲ್ದಾಣಗಳ ಉಪದ್ರವಗಳನ್ನು ಕಾಯುವ ಸ್ವತಂತ್ರ ಪ್ರಾಧಿಕಾರವೊಂದನ್ನು ಸ್ಥಾಪಿಸಿದರು. ಅದು ಮಂತ್ರಿಗಳ ಅಪ್ಪಣೆಗೆ ಒಳಪಟ್ಟುದಲ್ಲ. ರಾತ್ರಿಯ ನಿಷೇಧವನ್ನಾಗಲಿ ಗೊತ್ತಾದ ಮಾರ್ಗವನ್ನಾಗಲಿ ಮೀರಿದ ವಿಮಾನ ಕಂಪನಿಗೆ ಒಂದೊಂದು ತಪ್ಪಿಗೆ ೪೦,೦೦೦ ಯೂರೋಗಳವರೆಗೆ ದಂಡ ವಿಧಿಸುವ ಅಧಿಕಾರವು ಅದಕ್ಕುಂಟು. ನಿರ್ಬಂಧಗಳನ್ನು ಹೊರಡಿಸತಕ್ಕವರು ಅಲ್ಲಿಯೂ ಸರ್ಕಾರದವರೇ. ಪ್ರಾಧಿಕಾರವು ಅವುಗಳ ಮೇಲೆ ಬಹಿರಂಗವಾಗಿ ಅಭಿಪ್ರಾಯ ಕೊಡುತ್ತದೆ, ಉಲ್ಲಂಘನೆಯನ್ನು ದಂಡಿಸುತ್ತದೆ. ಇದರಿಂದ ಫ್ರಾನ್ಸಿನ ಆಕಾಶವು ನಿಶ್ಶಬ್ದವಾಯಿತೆಂದು ನಾವು ಹೇಳುವುದಿಲ್ಲ. ಆದರೆ ಇಂಗ್ಲೆಂಡಿನ ಕಮಿಷನ್ನು ಮೂರು ವರ್ಷ ತುಂಬುವ ಮೊದಲೇ ಕಣ್ಮುಚ್ಚಿತು. ಫ್ರಾನ್ಸಿನ ಪ್ರಾಧಿಕಾರವು ಕಾಲು ಶತಮಾನವನ್ನು ದಾಟಿ ನಿಂತಿದೆ. ಹಲ್ಲು ಕಿತ್ತ ಹಾವಿಗೂ ಹಲ್ಲುಳ್ಳ ಹಾವಿಗೂ ಇರುವ ಭೇದವೇ ಇದು.

ನಮ್ಮಲ್ಲಿರುವ ಸಂಸ್ಥೆಗಳು

ಇನ್ನು ನಮ್ಮ ದೇಶದ ಕಡೆಗೆ ತಿರುಗೋಣ. ಇಲ್ಲಿ ಸಂಸ್ಥೆಗಳ ಬರವಿಲ್ಲ, ಹೊಣೆಯ ಬರವುಂಟು.

ಭಾರತೀಯ ವಿಮಾನ ನಿಲ್ದಾಣಗಳ ಪ್ರಾಧಿಕಾರವು ೧೯೯೫ರಲ್ಲಿ ಹುಟ್ಟಿತು. ಅದು ನಿಲ್ದಾಣಗಳನ್ನು ನಡೆಸುತ್ತದೆ, ಆಕಾಶಮಾರ್ಗಗಳನ್ನು ನಿರ್ದೇಶಿಸುತ್ತದೆ. ಸದ್ದು ಮಾಡುವವರ ಪಕ್ಷಕ್ಕೆ ಸೇರಿದವರನ್ನೇ ಸದ್ದಿನ ನ್ಯಾಯಾಧೀಶರನ್ನಾಗಿ ಮಾಡುವುದು ಬೇಲಿಯೇ ಎದ್ದು ಹೊಲ ಮೇಯುವುದಕ್ಕೆ ಆಸ್ಪದ ಕೊಟ್ಟಂತೆ. ಬೆಂಗಳೂರಿನ ನಿಲ್ದಾಣವನ್ನು ನಡೆಸುವ ಕಂಪನಿಯಲ್ಲಿ ಈ ಪ್ರಾಧಿಕಾರಕ್ಕೆ ಪಾಲುಂಟು. ನಮ್ಮ ರಾಜ್ಯ ಸರ್ಕಾರದ ಸಂಸ್ಥೆಗೂ ಪಾಲುಂಟು. ಆದುದರಿಂದ ರಾಜ್ಯ ಸರ್ಕಾರವನ್ನೂ ಈ ವಿಷಯದಲ್ಲಿ ಪೂರ್ಣವಾಗಿ ನಿಷ್ಪಕ್ಷಪಾತಿಯೆಂದು ಎಣಿಸಲಾಗದು.

ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯಕ್ಕೆ ೨೦೨೦ರ ತಿದ್ದುಪಡಿಯಿಂದ ಶಾಸನದ ನೆಲೆ ಬಂದಿದೆ. ಅಲ್ಲಿ ಜ್ಞಾನವುಂಟು, ಅಧಿಕಾರವೂ ಉಂಟು. ಆದರೆ ಅದು ವಿಮಾನಯಾನದ ಮಂತ್ರಾಲಯದ ಅಡಿಯಲ್ಲಿರುವುದು. ವಿಮಾನಗಳು ಅಪಾಯವಿಲ್ಲದೆ ಹಾರಬೇಕೆಂಬುದೇ ಅದರ ಮೊದಲ ಚಿಂತೆ. ವಿಮಾನ ನಿಲ್ದಾಣಗಳ ಆರ್ಥಿಕ ನಿಯಂತ್ರಣ ಪ್ರಾಧಿಕಾರವು ೨೦೦೮ರ ಕಾಯಿದೆಯಿಂದ ಬಂದುದು. ಪ್ರಯಾಣಿಕರು ತೆರುವ ಶುಲ್ಕಗಳನ್ನು ಗೊತ್ತುಮಾಡುವುದು ಅದರ ಕೆಲಸ. ಪ್ರಯಾಣಿಕನ ಜೇಬಿಗೆ ಕಾವಲುಗಾರನನ್ನು ನೇಮಿಸಿದ ನಾವು, ನಿಲ್ದಾಣದ ಪಕ್ಕದಲ್ಲಿ ವಾಸಿಸುವವನ ಕಿವಿಗೆ ಕಾವಲುಗಾರನನ್ನು ನೇಮಿಸಲಿಲ್ಲ.

ಮಾಲಿನ್ಯ ನಿಯಂತ್ರಣ ಮಂಡಲಿಗಳ ಮಾತು ಬೇರೆ. ೧೯೮೭ರ ತಿದ್ದುಪಡಿಯಿಂದ ವಾಯುಮಾಲಿನ್ಯದ ಕಾಯಿದೆಯಲ್ಲಿ ಸದ್ದೂ ಮಾಲಿನ್ಯವೆಂದು ಗಣಿತವಾಯಿತು. ೨೦೦೦ದ ನಿಯಮಗಳಲ್ಲಿ ವಾಸದ ಪ್ರದೇಶಕ್ಕೆ ಹಗಲಿನಲ್ಲಿ ೫೫, ರಾತ್ರಿಯಲ್ಲಿ ೪೫ ಡೆಸಿಬಲ್ ಎಂದು ಮಿತಿ ಬಂತು. ೨೦೧೮ರ ಜೂನ್‌ನಲ್ಲಿ ಪರಿಸರ ಮಂತ್ರಾಲಯವು ನಿಲ್ದಾಣಗಳ ಸುತ್ತಣ ವಲಯಕ್ಕೆ ಬೇರೆ ಅಂಕೆಗಳನ್ನು ಪ್ರಕಟಿಸಿತು: ವರ್ಷಕ್ಕೆ ೫೦,೦೦೦ಕ್ಕೂ ಹೆಚ್ಚು ಹಾರಾಟಗಳುಳ್ಳ ನಿಲ್ದಾಣದ ಬಳಿ ಹಗಲಿಗೆ ೭೦, ರಾತ್ರಿಗೆ ೬೫, ಉಳಿದುವುಗಳ ಬಳಿ ೬೫ ಮತ್ತು ೬೦. ರಾತ್ರಿಯ ೪೫ಕ್ಕೂ ೬೫ಕ್ಕೂ ಇರುವ ಅಂತರ ೨೦ ಡೆಸಿಬಲ್. ಶಬ್ದದ ಶಕ್ತಿಯ ಲೆಕ್ಕದಲ್ಲಿ ಇದು ನೂರು ಮಡಿ. ಕಿವಿಯ ಲೆಕ್ಕದಲ್ಲಿ ಸುಮಾರು ನಾಲ್ಕು ಮಡಿ. ಇಂತಹ ವಿನಾಯಿತಿಯು ಅನಿವಾರ್ಯವಾಗಿರಲೂಬಹುದು. ಆದರೆ ಇಷ್ಟು ದೊಡ್ಡ ವಿನಾಯಿತಿಯನ್ನು ಕೊಟ್ಟ ಮೇಲೆ, ಕೊಟ್ಟ ಮಿತಿಯನ್ನಾದರೂ ದಿನದಿನವೂ ಕಾಯತಕ್ಕ ಒಬ್ಬ ಹೊಣೆಗಾರನನ್ನು ನಿಲ್ಲಿಸಬೇಡವೆ? ಕೆರೆಯ ನೊರೆಯನ್ನೂ ಕಾರ್ಖಾನೆಯ ಹೊಗೆಯನ್ನೂ ಆಸ್ಪತ್ರೆಯ ಕಸವನ್ನೂ ನೋಡಿಕೊಳ್ಳಬೇಕಾದ ಮಂಡಲಿಗಳ ಹೆಗಲ ಮೇಲೆ ಇದನ್ನೂ ಹೊರಿಸಿ ಕೈತೊಳೆದುಕೊಳ್ಳುವುದು ಸರಿಯಲ್ಲ. ಆಕಾಶಮಾರ್ಗವನ್ನು ಬದಲಾಯಿಸಿರೆಂದು ಹೇಳುವ ಅಧಿಕಾರವೂ ಪರಿಣತಿಯೂ ಅವುಗಳಿಗಿಲ್ಲ.

ಕೊನೆಗೆ ರಾಷ್ಟ್ರೀಯ ಹಸಿರು ನ್ಯಾಯಮಂಡಲಿಯುಂಟು. ದೆಹಲಿಯ ನಿಲ್ದಾಣದ ಸುತ್ತಣ ನಿವಾಸಿಗಳ ದೂರು ಅದರ ಮುಂದೆ ಹೋಗಿ ವಿಚಾರಣೆಯಾದುದು ಸರಿಯೇ. ಆದರೆ ನ್ಯಾಯಮಂಡಲಿಯು ವೈದ್ಯನಿದ್ದಂತೆ, ರೋಗ ಬಂದಾಗ ಹೋಗತಕ್ಕ ಸ್ಥಳ. ಪ್ರತಿ ರಾತ್ರಿಯೂ ಎಚ್ಚರವಾಗಿದ್ದು ಲೆಕ್ಕವಿಡುವ ಕಾವಲು ಅದರ ಕೆಲಸವಲ್ಲ.

ತಕ್ಕ ಸಂಸ್ಥೆಯ ಲಕ್ಷಣಗಳು

ಮೇಲಿನ ವಿಚಾರದಿಂದ ಎರಡು ಮಾತುಗಳು ಸ್ಪಷ್ಟವಾಗುತ್ತವೆ. ಅಧಿಕಾರವುಳ್ಳವನು ಸ್ವಾರ್ಥಿಯಾಗಿದ್ದರೆ ಜನರು ನಂಬರು. ನಿಸ್ಸ್ವಾರ್ಥಿಯು ಅಧಿಕಾರಹೀನನಾಗಿದ್ದರೆ ಕಂಪನಿಗಳು ಲಕ್ಷಿಸವು. ಇಂಗ್ಲೆಂಡಿನಲ್ಲಿ ಈ ಎರಡು ಗುಣಗಳನ್ನು ಬೇರೆಬೇರೆ ಮನೆಗಳಲ್ಲಿಟ್ಟು ಎರಡನ್ನೂ ವ್ಯರ್ಥಮಾಡಿದರು. ನಾವು ಒಂದೇ ಮನೆಯಲ್ಲಿಡಬೇಕು.

ಆದುದರಿಂದ ಪಾರ್ಲಿಮೆಂಟಿನ ಶಾಸನದಿಂದಲೇ ಹುಟ್ಟಿದ, ವಿಮಾನಯಾನದ ಮಂತ್ರಾಲಯಕ್ಕೆ ಅಧೀನವಲ್ಲದ ಕೇಂದ್ರ ಕಮಿಷನ್ನೊಂದು ಬೇಕೆಂದು ನಾವು ಸೂಚಿಸುತ್ತೇವೆ. ಅದರಲ್ಲಿ ನ್ಯಾಯಾಧೀಶರಾಗಿದ್ದವರೊಬ್ಬರು, ಶಬ್ದಶಾಸ್ತ್ರ ಬಲ್ಲ ಇಂಜಿನಿಯರೊಬ್ಬರು, ವೈದ್ಯರೊಬ್ಬರು, ನಗರಯೋಜನೆ ಬಲ್ಲವರೊಬ್ಬರು, ವಿಮಾನ ನಡೆಸಿದ ಅನುಭವಿಗಳೊಬ್ಬರು ಇರಲಿ. ಅನುಭವಿಗಳೂ ಸಹ ಕಂಪನಿಗಳ ಸಂಬಂಧವನ್ನು ಕಡಿದುಕೊಂಡು ಕೆಲವು ವರ್ಷಗಳಾದವರಾಗಿರಬೇಕು. ವೆಚ್ಚಕ್ಕಾಗಿ ಒಂದೊಂದು ಇಳಿತದ ಮೇಲೆಯೂ ಸದ್ದಿಗನುಸಾರವಾಗಿ ಅಲ್ಪ ಸುಂಕವನ್ನು ಎತ್ತಬಹುದು; ಆದರೆ ಆ ಹಣವು ಸರ್ಕಾರದ ಬೊಕ್ಕಸಕ್ಕೆ ಸೇರಿ, ಪಾರ್ಲಿಮೆಂಟಿನ ಒಪ್ಪಿಗೆಯಿಂದ ಕಮಿಷನ್ನಿಗೆ ಬರಬೇಕು. ಸುಂಕ ತೆತ್ತವನು ತಾನೇ ಸಂಬಳ ಕೊಡುವವನೆಂದು ಭಾವಿಸುವಂತಾಗಬಾರದು.

ಅಳತೆಯ ಯಂತ್ರಗಳನ್ನು ನೆಡುವುದೂ, ಅಂಕೆಗಳನ್ನು ದಿನದಿನವೂ ದೇಶಭಾಷೆಗಳಲ್ಲಿ ಪ್ರಕಟಿಸುವುದೂ ಕಮಿಷನ್ನಿನ ಕೈಯಲ್ಲಿರಲಿ. ಸರಾಸರಿಯೊಂದನ್ನೇ ಹೇಳದೆ, ರಾತ್ರಿಯಲ್ಲಿ ಎಷ್ಟು ವಿಮಾನಗಳು ಯಾವ ಕೇರಿಯ ಮೇಲೆ ಎಷ್ಟು ಸದ್ದಿನಿಂದ ಹಾಯ್ದುವೆಂಬುದನ್ನೂ ಹೇಳಲಿ. ರಾತ್ರಿಯ ಹಾರಾಟಗಳ ಮಿತಿಯನ್ನು ಮೀರಿದವರಿಗೆ ದಂಡ ವಿಧಿಸುವ ಅಧಿಕಾರವೂ, ಮಾರ್ಗವನ್ನು ಬದಲಿಸಿರೆಂದು ಕೇಳುವ ಅಧಿಕಾರವೂ ಇರಲಿ. ಸುರಕ್ಷತೆಯ ಕಾರಣದಿಂದ ಅದು ಆಗದೆಂದು ಮಹಾನಿರ್ದೇಶನಾಲಯವು ಹೇಳಿದರೆ ಅದರ ಮಾತೇ ನಡೆಯತಕ್ಕದ್ದು. ಆದರೆ ಕಾರಣವನ್ನು ಬರೆದು ಪ್ರಕಟಿಸತಕ್ಕದ್ದು. ಒಂದೊಂದು ನಿಲ್ದಾಣದಲ್ಲಿಯೂ ನಿವಾಸಿಗಳ ಪ್ರತಿನಿಧಿಗಳುಳ್ಳ ಸಮಿತಿಯೊಂದಿದ್ದು, ದೂರುಗಳನ್ನು ಗೊತ್ತಾದ ಅವಧಿಯೊಳಗೆ ವಿಚಾರಿಸಿ ಉತ್ತರ ಕೊಡಲಿ. ಕಮಿಷನ್ನಿನ ತೀರ್ಪಿನ ಮೇಲೆ ಅಪೀಲು ಹಸಿರು ನ್ಯಾಯಮಂಡಲಿಗೆ ಹೋಗಲಿ.

ಇಷ್ಟೆಲ್ಲ ಅಧಿಕಾರವನ್ನು ಚುನಾಯಿತರಲ್ಲದವರ ಕೈಗೆ ಕೊಡುವುದು ಪ್ರಜಾಪ್ರಭುತ್ವಕ್ಕೆ ಒಪ್ಪುವುದೇ ಎಂದು ಕೆಲವರು ಕೇಳಬಹುದು. ಇದು ಲಘುವಾದ ಆಕ್ಷೇಪವಲ್ಲ. ದೇಶಕ್ಕೆ ಎಷ್ಟು ವಿಮಾನಯಾನ ಬೇಕು, ಅದಕ್ಕಾಗಿ ಎಷ್ಟು ಸದ್ದನ್ನು ಸಹಿಸಬೇಕು ಎಂಬ ಮೂಲ ನಿರ್ಣಯವು ಜನಪ್ರತಿನಿಧಿಗಳದೇ ಆಗಿರಬೇಕು. ಅವರು ಬಹಿರಂಗವಾಗಿ ಮಿತಿಯನ್ನು ಗೊತ್ತುಮಾಡಿ ಅದರ ಕೀರ್ತಿಯನ್ನೂ ಅಪಕೀರ್ತಿಯನ್ನೂ ಹೊರಲಿ. ಗೊತ್ತಾದ ಮಿತಿಯನ್ನು ಅಳೆಯುವುದೂ ಕಾಯುವುದೂ ಮಾತ್ರ ಅವರ ಕೈಯಲ್ಲಿರಬಾರದು. ತೆರಿಗೆಯನ್ನು ವಿಧಿಸುವವರು ಶಾಸನಸಭೆಯವರು. ಲೆಕ್ಕವನ್ನು ತನಿಖೆಮಾಡುವವರು ಮಹಾಲೇಖಪಾಲರು. ಈ ವಿಭಾಗವನ್ನು ಯಾರೂ ಪ್ರಜಾಪ್ರಭುತ್ವಕ್ಕೆ ವಿರೋಧವೆಂದು ಹೇಳಿಲ್ಲ.

ಕೋಟೆ ಸೂರೆಹೋಗುವ ಮೊದಲು

ಈ ವಿಚಾರವು ನಮ್ಮ ನಾಡಿಗೆ ದೂರದ್ದಲ್ಲ. ಬೆಂಗಳೂರಿನ ಎಚ್‌.ಎ.ಎಲ್. ನಿಲ್ದಾಣವನ್ನು ನಗರವು ಸುತ್ತುವರಿದುದನ್ನು ನಾವೆಲ್ಲ ಕಂಡಿದ್ದೇವೆ. ೨೦೦೮ರ ಮೇ ೨೪ರಂದು ಪ್ರಯಾಣಿಕರ ವಿಮಾನಗಳು ದೇವನಹಳ್ಳಿಯ ಬಯಲಿಗೆ ಹೋದುವು. ಆಗ ಅದು ನಗರದಿಂದ ಬಹುದೂರವೆಂದು ಗೊಣಗಿದವರೇ ಹೆಚ್ಚು. ೨೦೧೯ರ ಡಿಸೆಂಬರಿನಲ್ಲಿ ಅಲ್ಲಿ ಎರಡನೆಯ ರನ್‌ವೇ ಕೆಲಸಮಾಡತೊಡಗಿತು. ನಗರವೂ ಬಳ್ಳಾರಿ ರಸ್ತೆಯನ್ನು ಹಿಡಿದು ಆ ಕಡೆಗೇ ಬೆಳೆಯುತ್ತಿದೆ. ನಿಲ್ದಾಣದ ಸುತ್ತಣ ಪ್ರದೇಶಕ್ಕೆಂದೇ ಯೋಜನಾ ಪ್ರಾಧಿಕಾರವೊಂದುಂಟು. ಯಾವ ಹೊಲದಲ್ಲಿ ಮನೆ, ಯಾವುದರಲ್ಲಿ ಉಗ್ರಾಣ, ಎಲ್ಲಿ ಶಾಲೆ ಕೂಡದು ಎಂಬುದನ್ನು ಇಂದೇ ಸದ್ದಿನ ನಕ್ಷೆಯನ್ನು ನೋಡಿ ನಿರ್ಣಯಿಸಿದರೆ ನಾಳಿನ ಅರ್ಧ ದೂರುಗಳು ಹುಟ್ಟುವುದೇ ಇಲ್ಲ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯು ೨೦೦೧ರಲ್ಲಿ ಹೇಳಿದ ನಾಲ್ಕು ಉಪಾಯಗಳಲ್ಲಿ ಸದ್ದು ಕಡಮೆಯಾದ ಯಂತ್ರಗಳು, ಹಾರುವ ವಿಧಾನದ ಸುಧಾರಣೆ, ಹಾರಾಟದ ನಿರ್ಬಂಧ ಇವುಗಳ ಸಂಗಡ ನೆಲದ ಬಳಕೆಯ ಯೋಜನೆಯೂ ಒಂದಾಗಿದೆ. ಆದುದರಿಂದ ನಾವು ಹೇಳಿದ ಕಮಿಷನ್ನಿನ ಅಭಿಪ್ರಾಯವನ್ನು ಕೇಳದೆ ಆ ವಲಯದಲ್ಲಿ ವಾಸದ ಬಡಾವಣೆಗಳಿಗೆ ಅನುಮತಿ ಕೊಡಲಾಗದೆಂಬ ವಿಧಿಯೂ ಶಾಸನದಲ್ಲಿ ಸೇರಬೇಕು.

ರಾಜಧಾನಿಗೆ ಎರಡನೆಯ ನಿಲ್ದಾಣವೊಂದು ಬೇಕೆಂದು ಸ್ಥಳಗಳ ಪರಿಶೀಲನೆಯೂ ನಡೆದಿದೆ. ಜಮೀನಿನ ಬೆಲೆ, ರಸ್ತೆಯ ದೂರ, ವ್ಯಾಪಾರದ ಲಾಭ, ಇವುಗಳ ವಿಷಯದಲ್ಲಿ ಬಹಳ ಮಾತುಗಳು ಕೇಳಿಬರುತ್ತವೆ. ಯಾವ ಯಾವ ಹಳ್ಳಿಗಳ ಮೇಲೆ ರಾತ್ರಿಯಲ್ಲಿ ವಿಮಾನಗಳು ಹಾಯುವುವು, ಆ ಹಳ್ಳಿಗರು ಯಾರನ್ನು ಕೇಳತಕ್ಕದ್ದು ಎಂಬ ಮಾತು ಮಾತ್ರ ಅಷ್ಟಾಗಿ ಕೇಳಿಬರುವುದಿಲ್ಲ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲನ್ನು ಹಾಕುವುದು ನಮ್ಮ ಹಳೆಯ ಅಭ್ಯಾಸ. ಈ ಒಂದು ವಿಷಯದಲ್ಲಿಯಾದರೂ ಅದನ್ನು ಬಿಟ್ಟುಕೊಡಬಾರದೆ?

ಸಿರಿವಂತನಿಗೆ ಎರಡು ಗಾಜಿನ ಕಿಟಕಿಯುಂಟು. ಬೇಸರವಾದರೆ ಮನೆಯನ್ನು ಮಾರಿ ಬೇರೆ ಕಡೆಗೆ ಹೋಗುವ ಅನುಕೂಲವುಂಟು.

ಹಗಲೆಲ್ಲ ದುಡಿದು ಬಂದ ಕೂಲಿಗಾರನಿಗೂ ಪಾಳಿಯ ಕೆಲಸದ ನೌಕರನಿಗೂ ನಿದ್ದೆಯೊಂದೇ ಆಸ್ತಿ. ಅದನ್ನು ಯಾವ ಪತ್ರದಲ್ಲಿಯೂ ನೋಂದಾಯಿಸಿಲ್ಲ. ಆದುದರಿಂದಲೇ ಅದನ್ನು ಕಾಯುವುದು ರಾಜ್ಯದ ಕರ್ತವ್ಯ. ಆ ಕಾವಲಿಗೆ ನಿಷ್ಪಕ್ಷಪಾತಿಯಾದ, ಶಾಸನದ ಬಲವುಳ್ಳ ಸಂಸ್ಥೆಯೊಂದನ್ನು ನೇಮಿಸುವ ವಿಚಾರವನ್ನು ಪಾರ್ಲಿಮೆಂಟಿನ ನಮ್ಮ ಪ್ರತಿನಿಧಿಗಳು ಕೈಗೆತ್ತಿಕೊಳ್ಳುವರೆಂದೂ, ಅಧಿಕಾರಿವರ್ಗದವರು ಅದಕ್ಕೆ ಬೇಕಾದ ಅಂಕೆಗಳನ್ನು ಜನರ ಮುಂದಿಡುವರೆಂದೂ ನಾವು ನಿರೀಕ್ಷಿಸುತ್ತೇವೆ.